ದಾಸಪ್ಪನ ಕಾಲಿನ ಡಬ್ಬಿಗಳು

ಮರಳವಾಡಿ ಸೀಮೆಯ ಆ ಪುಟ್ಟ ಊರಿನಲ್ಲಿ ದಾಸಪ್ಪನ ಮನೆಯೆಂದರೆ ಮುಂದೊಂದು ಜಗುಲಿ, ಪಕ್ಕದಲ್ಲಿ ಕುರಿ ರೊಪ್ಪ, ಜಗುಲಿಯ ಮೇಲೆ ಒಂದು ಮಂಚ. ಮಂಚ ಮೊದಲು ಅಲ್ಲಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ದಾಸಪ್ಪನಿಗೆ ಲಕ್ವ ಹೊಡೆದು, ಬಲಗೈ ಬಲಗಾಲು ಸೋತು, ಬಾಯಿಂದ ಮಾತು ಹೊರಡದಂತಾದಾಗ ಮಗ ಬಾಲರಾಜು ಅದನ್ನು ಒಳಗಿನಿಂದ ತಂದು ಬೇಲಿಯ ಬಾಗಿಲಿಗೆ ಎದುರಾಗಿ ಹಾಕಿದ. ಬುದ್ಧಿ ಬಂದಾಗಿನಿಂದ ಕುರಿಯ ಹಿಂದೆ ತಿರುಗಿದ ಮನುಷ್ಯ ಗೋಡೆ ನೋಡಿಕೊಂಡು ಮಲಗಲಾರ ಎಂಬುದು ಅವನ ಎಣಿಕೆ. ಅಪ್ಪನಿಗಾಗಿ ಅವನು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಉಳಿದದ್ದನ್ನೆಲ್ಲ ಹೆಂಡತಿಯ ತಲೆಗೆ ಕಟ್ಟಿ, ಇನ್ನೂ ಬೆಳಕು ಹರಿಯುವ ಮೊದಲೇ ರೇಷ್ಮೆ ಗೂಡಿನ ಲೋಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಗಾಡಿ ಹೊಡೆದುಬಿಡುತ್ತಿದ್ದ.

ಹೆಂಡತಿ ಪ್ರತಿಮಾ ಅದುವರೆಗೂ ಹಾರೋಹಳ್ಳಿಯ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದಳು. ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಅವಳ ಲೈನಿನಲ್ಲಿ ಅವಳದೇ ಚುರುಕು ಕೈ. ಆ ಕೆಲಸ ಅವಳಿಗೆ ಬರೀ ಸಂಬಳವಾಗಿರಲಿಲ್ಲ. ಬೆಳಿಗ್ಗೆ ಜಡೆ ಹಾಕಿಕೊಂಡು ಬಸ್ಸು ಹತ್ತುವುದು, ಮಧ್ಯಾಹ್ನ ನಾಲ್ಕು ಜನ ಕೂತು ಬುತ್ತಿ ಬಿಚ್ಚಿ ಯಾರ ಅತ್ತೆ ಏನಂದಳೆಂದು ಹೇಳಿಕೊಂಡು ನಗುವುದು, ಇವೆಲ್ಲ ಸೇರಿ ಅವಳದೇ ಒಂದು ಬದುಕಾಗಿತ್ತು. ಅತ್ತೆ ಶಿವಲಿಂಗಮ್ಮ, "ಅವ್ರಿಗೆ ಒಸಿ ವಾಸಿಯಾಗೋಗಂಟ ಮನೇಲಿರವ್ವ, ಕುರಿ ಹಿಂದೆ ನಾ ಹೋಯ್ತೀನಿ" ಎಂದಾಗ, ಒಂದೆರಡು ತಿಂಗಳ ಮಾತೆಂದುಕೊಂಡು ಪ್ರತಿಮಾ ಕೆಲಸ ಬಿಟ್ಟಳು. ಮುಂಗಾರು ಬಂತು, ಹೋಯಿತು. ಅವಳು ಮಾವನಿಗೆ ಸ್ನಾನ ಮಾಡಿಸಿದಳು, ಮಲಮೂತ್ರದ ಬಕೆಟ್ಟು ಎತ್ತಿದಳು, ಮುದ್ದೆ ಮುರಿದು ಬಾಯಿಗಿಟ್ಟಳು. ದಾಸಪ್ಪನ ಎಡಗೈ ನೆಟ್ಟಗಿತ್ತು, ಆದರೆ ಎಡಗೈಯಲ್ಲಿ ಅನ್ನ ಮುಟ್ಟುವುದೆಂದರೆ ಅವನಿಗೆ ಪ್ರಾಣ ಹೋದಂತೆ. ಉಪವಾಸವಾದರೂ ಇದ್ದಾನು, ಎಡಗೈ ತಟ್ಟೆಗೆ ಹೋಗದು.

ಗೌರಿ ಹಬ್ಬದ ಹೊತ್ತಿಗೆ ಗಾರ್ಮೆಂಟ್ಸಿನ ಸೂಪರ್‌ವೈಸರ್ ಫೋನು ಮಾಡಿದಳು. ದೀಪಾವಳಿ ಕಳೆದ ಸೋಮವಾರ ಹೊಸ ಲೈನು ಶುರುವಾಗುತ್ತದೆ, ಅಂದು ಬಂದರೆ ಸರಿ, ಇಲ್ಲದಿದ್ದರೆ ಬೇರೆಯವಳನ್ನು ಕೂರಿಸುತ್ತೇನೆ ಎಂದಳು. ಅಂದಿನಿಂದ ಮನೆಯಲ್ಲಿ ಜಗಳಕ್ಕೆ ಒಂದು ಗೊತ್ತಾದ ವಿಷಯ ಸಿಕ್ಕಿತು.

ಪ್ರತಿಮಾಳ ವಾದ ಸರಳವಾಗಿತ್ತು. ಆಚೆ ಊರಿನ ರಾಮಲಿಂಗಯ್ಯನಿಗೆ ಕುರಿಗಳನ್ನು ಪಾಲಿಗೆ ಕೊಟ್ಟರೆ ಅವನು ಮೇಯಿಸಿಕೊಂಡು, ಹುಟ್ಟಿದ ಮರಿಯಲ್ಲಿ ಅರ್ಧ ಕೊಡುತ್ತಾನೆ. ಅತ್ತೆ ಮನೆಯಲ್ಲಿ ಮಾವನನ್ನು ನೋಡಿಕೊಳ್ಳಲಿ, ತಾನು ಕೆಲಸಕ್ಕೆ ಹೋಗಲಿ. ಶಿವಲಿಂಗಮ್ಮ ಇದನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ.

"ಅವ್ರು ಎದ್ದು ನಡೆಯೋ ಹೊತ್ಗೆ ರೊಪ್ಪ ಖಾಲಿ ಇದ್ರೆ, ಏನ್ ನೋಡಕ್ಕೆ ಏಳ್ತಾರೆ?" ಎಂದಳು.

"ಅವ್ರು ಏಳೋದ್ರೊಳ್ಗೆ ನನ್ ಸೀಟು ಹೋಯ್ತದಲ್ಲ ಅತ್ತೆ."

"ಎದ್ಮೇಲೆ ನೀನು ಹೋಗು. ಯಾರ್ ಬ್ಯಾಡ ಅಂದೋರು?"

ಹೀಗೆ ಪ್ರತಿಮಾಳ ಸೋಮವಾರ ದಾಸಪ್ಪನ ಕಾಲಿಗೆ ಗಂಟುಬಿತ್ತು. ಆತ ಗೋಡೆ ಹಿಡಿದುಕೊಂಡಾದರೂ ಬಚ್ಚಲಿಗೆ ಹೋಗಿಬರುವಷ್ಟು ನಡೆದರೆ ಅವಳಿಗೆ ಬಿಡುಗಡೆ, ಇಲ್ಲದಿದ್ದರೆ ಇಲ್ಲ.

ಆಗಲೇ ಬಂದಳು ಆಸ್ಪತ್ರೆಯ ಸುಚಿತ್ರಾ. ಲಕ್ವ ಹೊಡೆದವರಿಗೆ ಮತ್ತೆ ನಡಿಗೆ ಕಲಿಸುವ ಫಿಸಿಯೋಥೆರಪಿ ಅವಳ ಕೆಲಸ. ಬ್ಯಾಗಿನಿಂದ ಬೆಂಕಿಪೊಟ್ಟಣದಂಥ ಎರಡು ಡಬ್ಬಿ ತೆಗೆದಳು. ಅವನ್ನವಳು ಸೆನ್ಸರ್ ಎಂದಳು, ಮನೆಯವರು ಡಬ್ಬಿ ಎಂದರು. ಕೆಂಪು ಬೆಲ್ಟಿನದು ಬಲಗಾಲಿನ ಗಿಣ್ಣಿನ ಮೇಲೆ, ಕಪ್ಪು ಬೆಲ್ಟಿನದು ಎಡಗಾಲಿಗೆ. ಬೆಳಿಗ್ಗೆ ಕಟ್ಟಬೇಕು, ಸಂಜೆ ಬಿಚ್ಚಿ ಚಾರ್ಜಿಗೆ ಹಾಕಬೇಕು. ಎಷ್ಟು ನಡೆದರು, ಯಾವ ಕಾಲು ನೆಲದ ಮೇಲೆ ಎಷ್ಟು ಹೊತ್ತು ನಿಂತಿತು, ಯಾವುದು ಎಳೆಯಿತು ಎಂಬುದೆಲ್ಲ ಫೋನಿನ ಮೂಲಕ ಅವಳಿಗೆ ಹೋಗುತ್ತದಂತೆ. ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಎಲ್ಲರೂ ಮೈಮೇಲೆ ಎಚ್ಚರವಿಟ್ಟು ನಡೆಯುತ್ತಾರೆ, ಮನೆಯಲ್ಲಿ ಹೇಗೆ ನಡೆಯುತ್ತಾರೆ ಎಂಬುದೇ ತನಗೆ ಬೇಕಾದದ್ದು ಎಂದಳು.

ಮೊದಲ ವಾರ ಡಬ್ಬಿಗಳಿಗೆ ಕೆಲಸವೇ ಇರಲಿಲ್ಲ. ಸುಚಿತ್ರಾ ಮುಂದಿನ ಸಲ ಬಂದಾಗ ಫೋನು ತೆರೆದು ತೋರಿಸಿದಳು, ಸಪಾಟಾದ ಒಂದು ಗೆರೆ. ದಾಸಪ್ಪನನ್ನು ಹಿಡಿದೆಬ್ಬಿಸಿ ಜಗುಲಿಯ ಮೇಲೆ ಆಚೆಯಿಂದ ಈಚೆಗೆ ನಡೆಸಿದಳು. ಬಲಗಾಲು ಗುಡಿಸಿಕೊಂಡು ಬರುತ್ತಿತ್ತು. ದಿನಾ ಇಷ್ಟಾದರೂ ನಡೆಸಿ, ಸುಮ್ಮನೆ ಬಿದ್ದಿದ್ದರೆ ಡಬ್ಬಿ ಬೇರೆ ಯಾರಿಗಾದರೂ ಕೊಡಬೇಕಾಗುತ್ತದೆ, ಕಾಯುತ್ತಿರುವವರು ಬಹಳ ಜನ ಇದ್ದಾರೆ ಎಂದು ಹೇಳಿ ಹೋದಳು. ರೊಪ್ಪದ ಹತ್ತಿರ ಸೊಪ್ಪು ಕಟ್ಟುತ್ತಿದ್ದ ಶಿವಲಿಂಗಮ್ಮ ಅದನ್ನು ಕೇಳಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಪ್ರತಿಮಾ ಡಬ್ಬಿ ಹಿಡಿದು ಬಂದರೆ, "ಕೊಡಿಲ್ಲಿ, ನಾ ಕಟ್ತೀನಿ. ನೀನು ಒಲೆ ನೋಡೋಗು" ಎಂದು ಶಿವಲಿಂಗಮ್ಮ ಕೈಚಾಚಿದಳು. ಒಂದು ಕೆಲಸ ಕಡಿಮೆಯಾಯಿತಲ್ಲ ಎಂದು ಪ್ರತಿಮಾ ಮರುಮಾತಾಡದೆ ಕೊಟ್ಟಳು. ಅಂದಿನಿಂದ ಕಟ್ಟುವುದೂ ಬಿಚ್ಚುವುದೂ ಅತ್ತೆಯ ಪಾಲಿಗೆ ಬಂತು. ಹೋಗುವಾಗ ಗಂಡನ ಕಾಲಿನ ಮೇಲೆ ಕಂಬಳಿ ಹೊದಿಸಿಯೇ ಹೋಗುತ್ತಿದ್ದಳು. ಬಿಸಿಲು ಚುರುಗುಟ್ಟುವಾಗ ಕಂಬಳಿ ಯಾಕೆಂದು ದಾಸಪ್ಪ ಒಳ್ಳೆಯ ಕಾಲಿನಿಂದ ಅದನ್ನು ಒದೆಯುತ್ತಿದ್ದ. ಪ್ರತಿಮಾ ಕೆಲಸದ ನಡುವೆ ಬಂದು ಅತ್ತ ನೋಡದೆ ಮತ್ತೆ ಎಳೆದು ಹೊದಿಸುತ್ತಿದ್ದಳು. ಹೊದಿಸಿದವಳು ಅತ್ತೆ, ತೆಗೆದರೆ ಅದಕ್ಕೊಂದು ಮಾತು ಕೇಳಬೇಕಾಗುತ್ತದೆ ಎಂಬುದು ಅವಳ ಯೋಚನೆ.

ಸಂಜೆಯದು ಇನ್ನೊಂದು ಕಾಟ. ಕುರಿಗಳು ಬಾಗಿಲಿಗೆ ಬರುತ್ತಿದ್ದಂತೆ ದಾಸಪ್ಪನಿಗೆ ಏನೋ ಚಡಪಡಿಕೆ. ಶಿವಲಿಂಗಮ್ಮ ದೂಳಿನಲ್ಲಿ ಕುರಿಗಳ ನಡುವೆಯೇ ಸೇರಿಕೊಂಡು ಬಂದು, ಅವು ರೊಪ್ಪಕ್ಕೆ ನುಗ್ಗಿದ ಮೇಲೆ ಬಾಗಿಲ ಪಕ್ಕದ ಒರಳುಕಲ್ಲಿನ ಮೇಲೆ ಕೂತುಬಿಡುತ್ತಿದ್ದಳು. ದಾಸಪ್ಪ ಎಡಗೈ ಚಾಚಿ, ತಲೆದೆಸೆಯ ಗೂಡಿನಲ್ಲಿದ್ದ ನಾಟಿ ಎಣ್ಣೆಯ ಬಾಟಲಿಯನ್ನು ಮಂಚದ ಅಂಚಿಗೆ ತಳ್ಳುತ್ತಿದ್ದ. ಬೆಳಿಗ್ಗೆ ಡಬ್ಬಿ ಕಟ್ಟುವ ಮೊದಲೇ ತಿಕ್ಕಿದ್ದೇನೆ, ಮತ್ತೂ ಬೇಕೇ ಎಂದು ಗೊಣಗುತ್ತ ಪ್ರತಿಮಾ ಕಂಬಳಿಯೊಳಗೆ ಕೈ ಹಾಕಿ ಅವನ ಮಂಡಿ ತಿಕ್ಕುವಳು. ಅವನು ಕಾಲು ಹಿಂದಕ್ಕೆಳೆದುಕೊಂಡು ಮುಖ ಸಿಂಡರಿಸುವನು. ತಿಕ್ಕಿದರೂ ಕಷ್ಟ, ತಿಕ್ಕದಿದ್ದರೂ ಕಷ್ಟ.

ಹೀಗೆ ಕೆಲವು ದಿನ ಕಳೆದ ಮೇಲೆ ಸುಚಿತ್ರಾಳ ಫೋನು ಬಂತು. ದನಿಯಲ್ಲಿ ಹಬ್ಬದ ಸಂಭ್ರಮ. "ಅಕ್ಕ, ನಿಮ್ಮ ಮಾವ ಈಗ ತುಂಬ ನಡೀತಿದ್ದಾರೆ. ನಂಗೇ ನಂಬಕ್ಕಾಗ್ತಿಲ್ಲ" ಎಂದಳು. ಪೂರ್ತಿ ವಿವರ ನೋಡಿ ಮತ್ತೆ ಹೇಳುತ್ತೇನೆ, ಹೀಗೇ ನಡೆಸುತ್ತಿರಿ ಎಂದು ಫೋನು ಇಟ್ಟಳು.

ಪ್ರತಿಮಾ ಫೋನು ಹಿಡಿದುಕೊಂಡು ಮಾವನನ್ನು ನೋಡಿದಳು. ಕಂಬಳಿ ಹೊದ್ದು ಬಾಗಿಲ ಕಡೆ ಮುಖ ಮಾಡಿ ಮಲಗಿದ್ದ. ಅವಳಿಗೆ ಮೈಯೆಲ್ಲ ಉರಿಯಿತು. ನೀರಿಗೆ ಹೋದಾಗ, ರೇಷನ್ ಅಂಗಡಿಗೆ ಹೋದಾಗ, ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಎದ್ದು ಓಡಾಡಿ, ತಾನು ಬಂದೊಡನೆ ಮಂಚಕ್ಕೆ ಬಿದ್ದು ಬಕೆಟ್ಟು ಕೇಳುವ ಮನುಷ್ಯನನ್ನು ಏನೆಂದು ಕರೆಯುವುದು? ಗಂಡ ಹೆಂಡತಿ ಇಬ್ಬರೂ ಸೇರಿ ತನ್ನನ್ನು ಮನೆಯಲ್ಲಿ ಕಟ್ಟಿಹಾಕಲು ಹೂಡಿದ ಆಟ ಎನಿಸಿತು.

ಅಂದು ಹೊತ್ತುಮುಳುಗಿದ ಮೇಲೆ ಊಟಕ್ಕೆ ಕೂತಾಗ ಮುದ್ದೆ ಹಾಕುತ್ತ ವಿಷಯ ತೆಗೆದಳು. ಮಗಳು ಅನು ಸ್ಕೂಲಿನ ಕತೆ ಹೇಳುತ್ತಿದ್ದವಳು ಬಾಯಿ ಮುಚ್ಚಿದಳು. ಬಾಲರಾಜು ಉಪ್ಪೆಸರಿನಲ್ಲಿ ಮುದ್ದೆ ಅದ್ದುತ್ತಲೇ, "ಅಪ್ಪಯ್ಯ ನಡೆದ್ರೆ ಒಳ್ಳೇದೇ ಅಲ್ವೇನಮ್ಮಿ? ಅದ್ಕೂ ಜಗಳವಾ?" ಎಂದ.

"ನಡೀಲಿ, ಯಾರ್ ಬ್ಯಾಡ ಅಂದ್ರು? ನಾನಿಲ್ದಾಗ ನಡ್ದು, ನಾನಿದ್ದಾಗ ಬಕೀಟು ಕೇಳೋದ್ಯಾಕೆ?"

ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುತ್ತಿದ್ದ ಶಿವಲಿಂಗಮ್ಮ ಅಂದು ತಟ್ಟೆಯಿಂದ ತಲೆ ಎತ್ತಲಿಲ್ಲ. "ಮಿಷಿನ್ನು ಏನೇಳ್ತೋ ಏನೋ. ಉಣ್ಣು ಸುಮ್ಕೆ" ಎಂದಳು, ಅಷ್ಟೇ.

ಮಾರನೆಯ ಮಧ್ಯಾಹ್ನ ಪ್ರತಿಮಾ ಮಾವನ ತಟ್ಟೆಯನ್ನು ಜಗುಲಿಗೆ ತರಲಿಲ್ಲ. ನಡುಮನೆಯ ಕಂಬದ ಬುಡದಲ್ಲಿಟ್ಟು ಹೊರಗೆ ಬಂದು ನಿಂತಳು. "ಮಾವ, ಊಟ ಒಳ್ಗೈತೆ. ನಡೆಯಕ್ಕೆ ಬತ್ತದಂತಲ್ಲ, ಹೋಗಿ ಉಣ್ಣಿ. ಎಡಗೈಲಾದ್ರೂ ಉಣ್ಣಿ. ನಾ ನೋಡಲ್ಲ." ದಾಸಪ್ಪ ಅವಳ ಮುಖ ನೋಡಿದ. ಬಾಯಿ ತೆರೆದು ಏನೋ ಹೇಳಹೊರಟ, ಗಂಟಲಲ್ಲಿ ಗೊರಗೊರ ಸದ್ದಷ್ಟೇ ಬಂತು. ಅವಳು ಕೊಡ ಎತ್ತಿಕೊಂಡು ನೀರಿಗೆ ಹೋದಳು. ನಲ್ಲಿಯ ಹತ್ತಿರ ಬೇಕೆಂದೇ ತಡ ಮಾಡಿದಳು.

ವಾಪಸು ಬಂದಾಗ ದಾಸಪ್ಪ ಹೊಸಿಲ ಮೇಲೆ ಬಿದ್ದಿದ್ದ. ಮೊಳಕೈ ತರಚಿ ರಕ್ತ ಬರುತ್ತಿತ್ತು. ಎಡಗೈ ಒಳಗಡೆಗೆ, ತಟ್ಟೆಯಿದ್ದ ದಿಕ್ಕಿಗೆ ಚಾಚಿತ್ತು. ಕೊಡ ಅಲ್ಲೇ ಇಳಿಸಿ ಓಡಿದಳು. ಕಂಕುಳಲ್ಲಿ ಕೈ ಹಾಕಿ ಎಬ್ಬಿಸಿ ಕೂರಿಸಿ, ರಕ್ತ ಒರೆಸಿ, ಪಂಚೆ ಸರಿಮಾಡಲು ಬಗ್ಗಿದವಳು ಹಾಗೇ ನಿಂತಳು. ಎರಡು ಕಾಲೂ ಬರಿದಾಗಿದ್ದವು. ಕೆಂಪು ಬೆಲ್ಟೂ ಇಲ್ಲ, ಕಪ್ಪು ಬೆಲ್ಟೂ ಇಲ್ಲ.

ಆಸ್ಪತ್ರೆಯವರ ವಸ್ತು ಕಳೆದುಹೋಯಿತೆಂದು ಮೊದಲು ಹೆದರಿಕೆಯಾಯಿತು. ಮಂಚದ ಕೆಳಗೆ, ಕಂಬಳಿಯೊಳಗೆ, ಅಂಗಳದಲ್ಲಿ ಹುಡುಕಿದಳು. ದಾಸಪ್ಪ ಮಾತ್ರ ಏನನ್ನೂ ಹುಡುಕದೆ ಬೇಲಿಯ ಆಚೆ, ಗುಡ್ಡದ ಕಡೆಗೇ ನೋಡುತ್ತಿದ್ದ. ಆಮೇಲೆ ಪ್ರತಿಮಾ ತಟ್ಟೆ ಹೊರಗೆ ತಂದು ತುತ್ತು ಮಾಡಿ ಅವನ ಬಾಯಿಗಿಟ್ಟಳು. ಅವನು ಉಂಡ. ಹಸಿದಿದ್ದ. ಅವಳಿಗೆ ನಾಚಿಕೆಯಾಯಿತು, ಆದರೆ ಸಿಟ್ಟೂ ಹೋಗಿರಲಿಲ್ಲ.

ಸಂಜೆ ಕುರಿಗಳು ರೊಪ್ಪ ಸೇರಿದವು. ಶಿವಲಿಂಗಮ್ಮ ಒರಳುಕಲ್ಲಿನ ಮೇಲೆ ಕೂರುತ್ತಲೇ ಪ್ರತಿಮಾ ಎದುರು ನಿಂತಳು.

"ಡಬ್ಬಿ ಎಲ್ಲಿ ಅತ್ತೆ?"

ಅತ್ತೆ ಗಂಡನ ಮೊಳಕೈಗೆ ಸುತ್ತಿದ್ದ ಬಟ್ಟೆಯನ್ನು ನೋಡಿದಳು. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ಸೀರೆಯ ಅಂಚು ಒಂದಿಷ್ಟು ಎತ್ತಿ, ಗಿಣ್ಣಿನ ಮೇಲಿಂದ ಕೆಂಪು ಬೆಲ್ಟು, ಕಪ್ಪು ಬೆಲ್ಟು ಎರಡನ್ನೂ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು.

"ಸಂತೇಲಿ ಕುರಿ ಕೊಳ್ಳೋನು ಮೊದ್ಲು ನಡ್ಸಿ ನೋಡ್ತಾನೆ. ಕುಂಟು ಕುರಿ ಅಂತ ಗೊತ್ತಾದ್ರೆ ಮಾತೇ ಆಡಾಕಿಲ್ಲ, ಮುಂದುಕ್ ಹೋಯ್ತಾನೆ" ಎಂದಳು. "ಆ ಹುಡ್ಗಿನೂ ಹಂಗೇ ಬುಟ್ಬುಡ್ತಾಳೆ ಅಂತ ಎದ್ರುಕಂಡೆ. ಇವ್ರುನ್ನ ಬುಟ್ಬುಟ್ರೆ ಇನ್ಯಾರವ್ವ ಬಂದು ನಡುಸ್ತಾರೆ?"

ಪ್ರತಿಮಾ ಅಂದಿನ ಮಟ್ಟಿಗೆ ಬಾಯಿಗೆ ಬಂದದ್ದೆಲ್ಲ ಅಂದಳು. ನಿಮ್ಮ ಸುಳ್ಳಿನಿಂದ ಇಡೀ ಮಧ್ಯಾಹ್ನ ಮುದುಕನನ್ನು ಹಸಿವಿನಲ್ಲಿಟ್ಟೆ, ಬಿದ್ದು ಸೊಂಟ ಮುರಿದಿದ್ದರೆ ಊರವರು ಸೊಸೆಗೆ ಉಗಿಯುತ್ತಿದ್ದರು ಎಂದಳು. ಶಿವಲಿಂಗಮ್ಮ ಕೂತಲ್ಲಿಂದ ಏಳದೆ ಎಲ್ಲವನ್ನೂ ಕೇಳಿಸಿಕೊಂಡಳು. ಮಂಚದ ಅಂಚಿಗೆ ಬಂದಿದ್ದ ಎಣ್ಣೆಯ ಬಾಟಲಿಯನ್ನು ಆ ಗಲಾಟೆಯಲ್ಲಿ ಯಾರೂ ಗಮನಿಸಲಿಲ್ಲ. ಅದು ಉರುಳಿ ಕೆಳಗೆ ಬಿದ್ದಾಗ ಅನು ಎತ್ತಿ ಗೂಡಿನಲ್ಲಿಟ್ಟಳು.

ಬಾಲರಾಜು ಬಂದು ವಿಷಯ ಕೇಳಿ, ಇದನ್ನು ಆಸ್ಪತ್ರೆಯವರಿಗೆ ಹೇಳುವುದು ಬೇಡ, ಮರ್ಯಾದೆ ಹೋಗುತ್ತದೆ ಎಂದ. ಪ್ರತಿಮಾ ಒಪ್ಪಲಿಲ್ಲ. ಅಪ್ಪನಿಗೆ ವಾಸಿಯಾಯಿತೆಂದು ಅವರು ಕೈಬಿಟ್ಟರೆ ಏನು ಮಾಡುತ್ತೀರಿ ಎಂದು ಕೇಳಿದಳು. ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ಅತ್ತೆ ಮಾಡಿದ್ದು ಹೊರಗಿನವರ ಮುಂದೆ ಬಯಲಾದರೆ ಆಕೆಯ ಹಟ ಇಳಿಯುತ್ತದೆ, ಕುರಿ ಪಾಲಿಗೆ ಹೋಗುತ್ತದೆ, ತನ್ನ ಸೋಮವಾರ ತನಗೆ ಸಿಗುತ್ತದೆ. ದೀಪಾವಳಿ ಆಗಲೇ ಬಾಗಿಲಿಗೆ ಬಂದಿತ್ತು. ಅವಳು ಸುಚಿತ್ರಾಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಳು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಸುಚಿತ್ರಾ ಬಂದಳು. ಬೈಯುತ್ತಾಳೆಂದು ಕಾದಿದ್ದರೆ ಅವಳು ನಕ್ಕಳು. "ನಾನೇ ಬರಬೇಕು ಅಂತಿದ್ದೆ ಅಕ್ಕ. ಇದೇನು ಹಿಂಗಿದೆ ಅಂತ ತಲೆ ಕೆಟ್ಟುಹೋಗಿತ್ತು" ಎಂದು ಫೋನು ತೆರೆದಳು. ಲಕ್ವ ಹೊಡೆದದ್ದು ಬಲಗಡೆಗೆ, ಆದರೆ ಡಬ್ಬಿ ಬಲಗಾಲು ಗಟ್ಟಿಯಾಗಿದೆ ಎನ್ನುತ್ತಿತ್ತು. ಸೋತಿದ್ದದ್ದು ಎಡಗಾಲು ಎಂದು ಅದರ ಲೆಕ್ಕ. ಬೆಲ್ಟು ಅದಲುಬದಲಾಗಿರಬೇಕು ಎಂದುಕೊಂಡಿದ್ದಳಂತೆ.

ಹೇಳುತ್ತ ಹೇಳುತ್ತ ಅವಳ ನಗು ನಿಂತಿತು. ಫೋನನ್ನು ಇನ್ನೊಮ್ಮೆ ನೋಡಿದಳು.

"ಹಾಗಾದ್ರೆ ಇದು ನಿಮ್ಮತ್ತೆ ಕಾಲಲ್ವಾ?"

ಪ್ರತಿಮಾಳಿಗೆ ತಕ್ಷಣ ಅರ್ಥವಾಗಲಿಲ್ಲ. ಸುಚಿತ್ರಾ ಗೆರೆಗಳ ಮೇಲೆ ಬೆರಳಾಡಿಸುತ್ತ ಬಿಡಿಸಿ ಹೇಳಿದಳು. ಎಡಗಾಲು ನೆಲಕ್ಕೆ ತಾಗಿದ ಕೂಡಲೇ ಎತ್ತಿಬಿಡುತ್ತಾರೆ, ಮೈಭಾರ ಕೊಡುವುದೇ ಇಲ್ಲ. ಬೆಳಿಗ್ಗೆ ಹೇಗೋ ನಡೆಯುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಹೆಚ್ಚಾಗುತ್ತದೆ, ಇಳಿಜಾರು ಇಳಿಯುವಾಗಲಂತೂ ಒಂದೇ ಕಾಲಿನ ಮೇಲೆ ಬಂದಂತೆ. ಇಂಥ ನೋವಿನಲ್ಲಿ ದಿನವಿಡೀ ನಡೆಯುವವರನ್ನು ತಾನು ನೋಡಿಲ್ಲ. ಎಷ್ಟು ದಿನದಿಂದ ಹೀಗೆ, ಯಾರಿಗಾದರೂ ತೋರಿಸಿದ್ದೀರಾ ಎಂದು ಕೇಳಿದಳು.

ಒಂದೇ ಒಲೆಯ ಮುಂದೆ ಕೂತು ಉಣ್ಣುವ ಹೆಂಗಸು ಕುಂಟುತ್ತಿದ್ದುದು ಪ್ರತಿಮಾಳಿಗೆ ಗೊತ್ತಿರಲಿಲ್ಲ.

ಇಬ್ಬರೂ ಜಗುಲಿಯಲ್ಲೇ ಕಾದರು. ಹೊತ್ತು ಇಳಿದಾಗ ದೂಳೆದ್ದಿತು. ಕುರಿಗಳು ಒತ್ತರಿಸಿಕೊಂಡು ಬಾಗಿಲಿಗೆ ಬಂದವು, ಅವುಗಳ ನಡುವೆ ಶಿವಲಿಂಗಮ್ಮ. ಕುರಿ ಕಾಯುವವರು ಹಿಂದಿನಿಂದ ಹೊಡೆದುಕೊಂಡು ಬರುತ್ತಾರೆ, ನಡುವೆ ಯಾರೂ ಸೇರಿಕೊಳ್ಳುವುದಿಲ್ಲ. ಸಂತೆಯಲ್ಲಿ ಕುಂಟು ಕುರಿಯನ್ನು ಗೊತ್ತಾಗದಂತೆ ಮಾರಬೇಕಾದವರು ಅದನ್ನು ಹಿಂಡಿನ ನಡುವೆ ಬಿಡುತ್ತಾರೆ ಎಂಬುದನ್ನು ಮದುವೆಯಾದ ಹೊಸದರಲ್ಲಿ ಪ್ರತಿಮಾಳಿಗೆ ನಗುನಗುತ್ತ ಹೇಳಿದ್ದವಳು ಇದೇ ಅತ್ತೆ. ಕುರಿಗಳ ಬೆನ್ನಿನಾಚೆ ಆಕೆಯ ಸೊಂಟದಿಂದ ಕೆಳಗೆ ಏನೂ ಕಾಣುತ್ತಿರಲಿಲ್ಲ. ದೂಳಿನ ಮೇಲೆ ತಲೆ ಕಾಣುತ್ತಿತ್ತು, ಒಂದೊಂದು ಹೆಜ್ಜೆಗೂ ಅದು ಒಂದೇ ಕಡೆಗೆ ಬಾಗುತ್ತಿತ್ತು.

ಪಕ್ಕದಲ್ಲಿ ಗಾಜು ಸರಿದ ಸದ್ದಾಯಿತು. ದಾಸಪ್ಪ ಎಡಗೈಯಿಂದ ಎಣ್ಣೆಯ ಬಾಟಲಿಯನ್ನು ಮಂಚದ ಅಂಚಿಗೆ ತಳ್ಳುತ್ತಿದ್ದ. ಅವನ ಕಣ್ಣು ಪ್ರತಿಮಾಳ ಮೇಲಿರಲಿಲ್ಲ, ಬಾಗಿಲ ಮೇಲಿತ್ತು. ಹಿಂಡಿನಲ್ಲಿ ಯಾವ ಕುರಿಗೆ ಮುಳ್ಳು ಹೊಕ್ಕಿದೆಯೆಂದು ಇಲ್ಲಿಂದಲೇ ಹೇಳುತ್ತಿದ್ದ ಮನುಷ್ಯ ಅವನು. ಇಷ್ಟು ದಿನ ಅವನು ಕೇಳಿದ್ದು ತನ್ನ ಕಾಲಿಗಲ್ಲ.

ಪ್ರತಿಮಾ ಬಾಟಲಿ ತೆಗೆದುಕೊಂಡು ಅಂಗಳಕ್ಕೆ ಇಳಿದಳು. ಒರಳುಕಲ್ಲಿನ ಮುಂದೆ ನೆಲದ ಮೇಲೆ ಕೂತು ಅತ್ತೆಯ ಸೀರೆಯನ್ನು ಮಂಡಿಯವರೆಗೆ ಸರಿಸಿದಳು. ಎಡಮಂಡಿ ಕುಂಬಳಕಾಯಿಯಂತೆ ಊದಿಕೊಂಡಿತ್ತು. ಶಿವಲಿಂಗಮ್ಮ ಸುಚಿತ್ರಾಳನ್ನು ನೋಡಿದಳು, ಗಂಡನನ್ನು ನೋಡಿದಳು, ಎಲ್ಲ ಗೊತ್ತಾಗಿದೆ ಎಂದು ತಿಳಿದು ಸೀರೆ ಎಳೆದುಕೊಳ್ಳಲು ಹೋದಳು.

"ಬುಡವ್ವ, ಅಡಿಗೆ ಕೆಲ್ಸ ಐತೆ ನಿಂಗೆ."

"ನೋವು ಅಂತ ಯಾಕ್ ಹೇಳ್ನಿಲ್ಲ ಅತ್ತೆ?"

"ಹೇಳಿದ್ರೆ ಕುರಿ ಕೊಟ್ಬುಡಿ ಅಂತಿದ್ರಿ."

ಪ್ರತಿಮಾ ಎಣ್ಣೆ ಅಂಗೈಗೆ ಸುರಿದುಕೊಂಡು ಮಂಡಿಗೆ ಹಚ್ಚಿದಳು. ಅಳು ಬಂತು, ತಡೆಯಲಿಲ್ಲ. ಮಂಡಿ ಡಾಕ್ಟರಿಗೆ ತೋರಿಸಲೇಬೇಕು, ಗುಡ್ಡ ಹತ್ತುವುದು ಇಳಿಯುವುದು ಇವತ್ತಿಗೇ ನಿಲ್ಲಬೇಕು ಎಂದು ಸುಚಿತ್ರಾ ಹೇಳಿದಳು. ಡಬ್ಬಿಗಳನ್ನು ತಾನೇ ದಾಸಪ್ಪನ ಕಾಲಿಗೆ ಕಟ್ಟಿ, ನಡೆಯದವರನ್ನು ಬಿಟ್ಟುಬಿಡುವುದಿಲ್ಲ, ನಡೆಯಲಾಗದವರಿಗೇ ಇದು ಇರುವುದು ಎಂದು ಶಿವಲಿಂಗಮ್ಮನಿಗೆ ಎರಡೆರಡು ಸಲ ಹೇಳಿ ಹೊರಟಳು. ಶಿವಲಿಂಗಮ್ಮ ರೊಪ್ಪದ ಕಡೆ ನೋಡಿ, "ರಾಮಲಿಂಗಯ್ಯಂಗೆ ಹೇಳಿ ಕಳ್ಸು. ಸ್ವಾಮಾರ ನೀನು ಹೋಗು" ಎಂದಳು. ತಿಂಗಳುಗಟ್ಟಲೆ ಜಗಳವಾಡಿ ಕೇಳಿದ್ದು ಸಿಕ್ಕಿತ್ತು. ಪ್ರತಿಮಾಳಿಗೆ ಅದರಿಂದ ಸಂತೋಷವೇನೂ ಆಗಲಿಲ್ಲ.

ಸೋಮವಾರ ಬೆಳಿಗ್ಗೆ ರಾಮಲಿಂಗಯ್ಯ ಬಂದು ಕುರಿಗಳನ್ನು ಹೊಡೆದುಕೊಂಡು ಹೊರಟ. ಬೇಡವೆಂದರೂ ಕೇಳದೆ ಶಿವಲಿಂಗಮ್ಮ ತಿರುವಿನವರೆಗೆ ಹಿಂದೆ ಹೋದಳು. ಬರುವಾಗ ಒಬ್ಬಳೇ ಬಂದಳು. ಸುತ್ತ ಕುರಿಗಳಿರಲಿಲ್ಲ, ದೂಳೂ ಇರಲಿಲ್ಲ. ರಸ್ತೆಯ ನಡುವೆ, ಊರವರೆಲ್ಲ ನೋಡುತ್ತಿದ್ದಂತೆ, ಕುಂಟಿಕೊಂಡೇ ಬಂದಳು. ದಾಸಪ್ಪ ಎಡಗೈಯಿಂದ ಕಂಬ ಹಿಡಿದು, ಜಗುಲಿಯ ಅಂಚಿನವರೆಗೆ ಬಲಗಾಲು ಎಳೆದುಕೊಂಡು ಬಂದು ನಿಂತಿದ್ದ. ಅಷ್ಟೇ ಅವನಿಂದ ಆದದ್ದು.

ಪ್ರತಿಮಾ ಅತ್ತೆಯನ್ನು ಕೂರಿಸಿ, ಬಸ್ಸಿನ ಹಾರನ್ನು ಕೇಳುವವರೆಗೂ ಮಂಡಿಗೆ ಎಣ್ಣೆ ತಿಕ್ಕಿ, ಬ್ಯಾಗು ಹೆಗಲಿಗೇರಿಸಿಕೊಂಡು ಓಡಿದಳು. ಗಾರ್ಮೆಂಟ್ಸಿನಲ್ಲಿ ಬಟ್ಟೆಗೆ ಎಣ್ಣೆ ತಾಗಿದರೆ ಪೀಸು ಹಾಳು. ಮಿಷಿನ್ನಿಗೆ ಕೂರುವ ಮೊದಲು ಸೋಪಿನ ಪುಡಿ ಹಾಕಿ ಚೆನ್ನಾಗಿ ಕೈ ತೊಳೆದಳು, ಮೂಸಿ ನೋಡಿದಳು, ಮತ್ತೆ ತೊಳೆದಳು. ವಾಸನೆ ಸ್ವಲ್ಪ ಉಳಿದೇ ಇತ್ತು. ಅದು ಹೋಗುವವರೆಗೂ ಕಾಯುವಂತಿರಲಿಲ್ಲ, ಮೊದಲ ಕಾಲರನ್ನು ಎತ್ತಿಕೊಂಡಳು.